ಸೆಕ್ರೆಟರಿಗೆ ಬೇಡವಾದ ಹೊಸ ಫರ್ಮ್‌ವೇರ್

ಯಲಬುರ್ಗಾ ಕಡೆಯ ಒಂದು ಹಳ್ಳಿ. ಅಲ್ಲಿನ ಹಾಲಿನ ಡೈರಿಯಲ್ಲಿ ರೇಟು ಕಟ್ಟಲು ಹಾಲಿನ ಫ್ಯಾಟ್ ಅಳೆಯುವ ಮಷಿನ್, ಕರೆಂಟ್ ಹೋಗಿ ಬಂದಮೇಲೆ ಏಳಲೇ ಇಲ್ಲವಂತೆ. ರಿಪೇರಿಗೆ ನಾನು ಹೋದೆ. ಒಳಗಿನ ಬೋರ್ಡಿನ ಬೂಟ್ ಫರ್ಮ್‌ವೇರ್, ಅಂದರೆ ಸ್ವಿಚ್ ಹಾಕಿದ ಕೂಡಲೇ ಮಷಿನ್ನನ್ನು ಎಬ್ಬಿಸುವ ಪ್ರೋಗ್ರಾಂ, ಕೆಟ್ಟಿತ್ತು. ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದ್ದೇ ತಡ, ಹಾಲಿನ ಕ್ಯಾನ್ ಹಿಡಿದು ಸಾಲಿನಲ್ಲಿದ್ದ ಹನಮವ್ವ ನನ್ನ ಬೆನ್ನಿಗೇ ಬಂದು ನಿಂತಳು.

"ಏನ್ ತುಂಬಾಕ ಹತ್ತೀರಿ ಅದರಾಗ? ನಮ್ಮ ಫ್ಯಾಟ್ ಕಡಿಮಿ ಮಾಡಾಕೇನ್ರಿ?"

"ಇಲ್ಲ ಯವ್ವಾ, ಇದು ಮಷಿನ್ ಎಬ್ಬಿಸೂದಷ್ಟ. ಫ್ಯಾಟ್ ಮುಟ್ಟೂದಿಲ್ಲ."

ಆಕೆ ನಂಬಲಿಲ್ಲ. ಸಾಲಿನವರೂ ನಂಬಲಿಲ್ಲ. ಮೊದಲ ಬಸ್ಸಿಗೆ ಬಂದವನಿಗೆ ಒಂದು ತಂಬಿಗೆ ನೀರಿಲ್ಲ, ಮೇಲೆ ಕಳ್ಳನ ಪಟ್ಟ!

ಹಳೆಯ ಫರ್ಮ್‌ವೇರನ್ನೇ ಮರಳಿ ಹಾಕಿದೆ, ಮಷಿನ್ ಎದ್ದಿತು. ಕರೆಂಟ್ ಹೋದರೆ ಮತ್ತೆ ಕೆಡದಿರಲಿ ಎಂದು ಹೊಸದನ್ನು ಹಾಕಲು ಹೊರಟಾಗ ಡೈರಿ ಸೆಕ್ರೆಟರಿ ನನ್ನ ಕೈ ಹಿಡಿದರು.

"ಹಳೇದ ಇರ್ಲಿ ಬಿಡ್ರಿ ಸಾಹೇಬ್ರ, ಛಲೋ ನಡೀತಿತ್ತು. ಬರ್ರಿ, ಚಾ ಕುಡಿಯೂಣು."

ಹನಮವ್ವನ ಕಣ್ಣು ನನ್ನನ್ನು ಬಿಟ್ಟು ಅವರ ಮೇಲೆ ಹೋಯಿತು. "ಸೆಕ್ರೆಟರಿ ಬ್ಯಾಡ ಅಂತಾರಂದ್ರ ಹೊಸಾದ ಹಾಕ್ರಿ" ಅಂದಳು.

ಹಾಕಿದೆ. ಆಕೆಯ ಎಮ್ಮೆ ಹಾಲಿಗೆ ಎಂದಿನಷ್ಟೇ ಫ್ಯಾಟ್ ಬಂತು. ಉಳಿದವರದೂ ಹಾಗೇ. ಕೊನೆಗೆ ಸೆಕ್ರೆಟರಿ ಮನೆಯ ಕ್ಯಾನಿನ ಸರದಿ. ಅವರು ಅದನ್ನು ಎತ್ತಿಕೊಂಡು, "ಇವತ್ತ ನಮ್ಮ ಹಾಲು ಮನಿಗೇ ಬೇಕಾಗೈತ್ರಿ" ಎಂದು ಹೊರಟೇಬಿಟ್ಟರು.

ಹೊಸದೂ ಫ್ಯಾಟ್ ಮುಟ್ಟುವುದಿಲ್ಲ ಎಂದು ಅವರಿಗೂ ಹೇಳಿದ್ದೆ. ಪಾಪ, ಅವರೂ ನಂಬಿರಲಿಲ್ಲ.