ಅಲೆ ಒಡೆಯದ ಜಾಗ
ಭಾನುವಾರ ಬಂತೆಂದರೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಗಾಳದ ಕೋಲು ಹೆಗಲಿಗೇರಿಸಿ ಕಡಲತೀರಕ್ಕೆ ನಡೆಯುವ ದರ್ಜಿಯನ್ನು ಊರವರು ಗಾಳದಪ್ಪ ಎಂದೇ ಕರೆಯುತ್ತಾರೆ. ಇಷ್ಟು ವರ್ಷದಲ್ಲಿ ಅವನು ಮನೆಗೆ ತಂದ ಮೀನಿಗಿಂತ ಮರಳೇ ಹೆಚ್ಚು ಎಂದು ಹೆಂಡತಿ ಗೊಣಗುತ್ತಾಳೆ. ಹೊಸಬರು ಮೈಬಲವನ್ನೆಲ್ಲ ಹಾಕಿ ಗಾಳ ಬೀಸಿದರೆ, "ಅಷ್ಟು ದೂರ ಯಾಕಪ್ಪ, ಮೀನು ಇಲ್ಲೇ ಕಾಲಬುಡದಲ್ಲಿ ಮೇಯ್ತಾ ಇರುತ್ತೆ" ಅನ್ನುತ್ತಾನೆ. ತಾನು ಮಾತ್ರ ಅಳತೆ ತೆಗೆಯುವವನಂತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೀರನ್ನೇ ನೋಡುತ್ತಾನೆ. ಎರಡೂ ಬದಿ ಅಲೆ ನೊರೆಯುಕ್ಕಿಸಿ ಒಡೆಯುತ್ತಿದ್ದು, ನಡುವೆ ನೀರು ಸುಮ್ಮನಿರುವ ಜಾಗ ಕಂಡರೆ ಅಲ್ಲೇ ಬೇರು ಬಿಡುತ್ತಾನೆ. ಈಜಲೆಂದು ಯಾರಾದರೂ ಆ ಕಡೆ ಬಂದರೋ, ಅಂಥ ಸಾಧು ಮನುಷ್ಯ ಕೆಂಡವಾಗುತ್ತಾನೆ. "ಮೀನು ಬೆದರುತ್ತೆ, ಆಚೆ ಹೋಗಿ" ಎಂದು ಗದರುತ್ತಾನೆ. "ಸಮುದ್ರ ನಿಮ್ಮಪ್ಪಂದಾ?" ಎಂದು ಬೈದುಕೊಂಡೇ ಜನ ದೂರ ಸರಿಯುತ್ತಾರೆ. ಒಂದು ಭಾನುವಾರ ಊಟ ತಂದ ಹೆಂಡತಿ, ಅವನು ದಾರ ಮೇಲೆಳೆದಾಗ ನೋಡಿದಳು. ಗಾಳಕ್ಕೆ ಎರೆಯೇ ಇರಲಿಲ್ಲ. "ಇದೇನ್ರೀ?" ಎಂದಳು. ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ. "ದಡಕ್ಕೆ ಬಂದ ನೀರೆಲ್ಲ ಇಲ್ಲಿಂದಾನೇ ವಾಪಸ್ ಹೋಗೋದು ಕಣೇ. ಇಳಿದವರನ್ನೂ ಎಳ್ಕೊಂಡು ಹೋಗುತ್ತೆ. ತುಂಬಾ ವರ್ಷದ ಹಿಂದೆ ಒಬ್ಬ ಹುಡುಗನಿಗೆ ಇಳೀಬೇಡ ಅಂತ ಹೇಳಿದೆ, ನಕ್ಕು ಇಳಿದ, ಮೇಲೆ ಬರಲಿಲ್ಲ. ಬುದ್ಧಿ ಹೇಳಿದ್ರೆ ಯಾರೂ ಕೇಳಲ್ಲ. ಜಗಳಗಂಟ ಅಂದ್ರೆ ಜಾಗ ಬಿಡ್ತಾರೆ." ಅಷ್ಟರಲ್ಲಿ ಟವೆಲ್ ಹೊದ್ದ ಇಬ್ಬರು ಅದೇ ನೀರಿನತ್ತ ಬರುತ್ತಿದ್ದರು. ಅವಳು ಊಟದ ಡಬ್ಬಿಯನ್ನು ಮರಳಿನ ಮೇಲಿಟ್ಟು, ಗಂಡ ಬಾಯಿ ತೆರೆಯುವ ಮೊದಲೇ ಹೋಗಿ ಅವರಿಗೆ ಅಡ್ಡ ನಿಂತು ಜಗಳ ತೆಗೆದಳು.