ರಬ್ಬರ್ ಬ್ರೇಕಿನ ಮಲ್ಲೇಶಣ್ಣ

ಯಾರ ಸೈಕಲ್ಲೇ ಆಗಲಿ, ಕಣ್ಣಿಗೆ ಬಿದ್ದರೆ ಸಾಕು, ಮಲ್ಲೇಶಣ್ಣ ಅದರ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಒಮ್ಮೆ ಜೋರಾಗಿ ತಿರುಗಿಸಿ, ತಲೆ ಬಗ್ಗಿಸಿ ಕಿವಿಗೊಡುತ್ತಿದ್ದರು. ಮದುವೆ ಛತ್ರದ ಮುಂದೆ ನಿಲ್ಲಿಸಿದ್ದ ಸೈಕಲ್ಲುಗಳನ್ನೂ ಅವರು ಬಿಟ್ಟವರಲ್ಲ. ಒಳಗೆ ಊಟಕ್ಕೆ ಎಲೆ ಹಾಕಿರುತ್ತಿದ್ದರು, ಇವರು ಹೊರಗೆ ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಯಾರದೋ ಚಕ್ರ ತಿರುಗಿಸುತ್ತ, "ಎಡಕ್ಕೆ ಒಂಚೂರು ಎಳೀತಾ ಐತೆ, ನಾಳೆ ಅಂಗಡಿ ತಾವ ತಗಂಡ್ ಬಾ" ಎಂದು ಸೈಕಲ್ಲಿನವನನ್ನು ಹುಡುಕಿ ಹೇಳಿ, ಆಮೇಲೆ ಕೈ ತೊಳೆಯುತ್ತಿದ್ದರು.

ಕಡೂರಿನಲ್ಲಿ ಅವರ ಸೈಕಲ್ ಅಂಗಡಿ. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ನನ್ನ ಮೆಡಿಕಲ್ ಸ್ಟೋರ್. ಹಲವು ವರ್ಷ ನಾವು ಬೆಳಿಗ್ಗೆ ಬಾಗಿಲು ತೆಗೆಯುವಾಗ ಮುಖ ನೋಡಿ ತಲೆಯಾಡಿಸಿದ್ದಷ್ಟೇ. ನಲವತ್ತೆರಡಕ್ಕೆ ನನಗೆ ಸಕ್ಕರೆ ಕಾಯಿಲೆ ಬಂತು. ಊರವರಿಗೆಲ್ಲ ಮಾತ್ರೆ ಕೊಡುವವಳು ನಾನೇ ಮಾತ್ರೆ ನುಂಗುವಂತಾಯಿತಲ್ಲ ಎಂಬ ಸಿಟ್ಟಿಗೆ ಒಂದು ಸೈಕಲ್ ತರಿಸಿಕೊಂಡೆ. ರೇಸಿನವರು ಓಡಿಸುವಂಥ, ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ರೋಡ್ ಬೈಕು. ಅದಕ್ಕೆ ಡಿಸ್ಕ್ ಬ್ರೇಕಿತ್ತು. ಮೋಟಾರು ಬೈಕಿನಲ್ಲಿರುವ ಹಾಗೆ ಚಕ್ರದ ನಡುವೆ ಒಂದು ಉಕ್ಕಿನ ತಟ್ಟೆ, ಲಿವರ್ ಒತ್ತಿದರೆ ಎಣ್ಣೆಯ ಒತ್ತಡಕ್ಕೆ ಆ ತಟ್ಟೆಯನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳು.

ಮೂರನೆಯ ದಿನವೇ ಪಂಕ್ಚರಾಯಿತು. ಮನೆಯಲ್ಲಿ ಚಕ್ರ ಬಿಚ್ಚಿ, ಏನಾಗುತ್ತದೋ ನೋಡೋಣವೆಂದು ಬ್ರೇಕು ಒತ್ತಿದೆ. ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡವು. ಚಕ್ರ ಮತ್ತೆ ಒಳಗೆ ಹೋಗಲಿಲ್ಲ. ಸೈಕಲ್ ಒಂದು ಕೈಯಲ್ಲಿ, ಚಕ್ರ ಇನ್ನೊಂದು ಕೈಯಲ್ಲಿ ಹಿಡಿದು ಅವರ ಅಂಗಡಿಗೆ ಹೋದೆ.

ಮಲ್ಲೇಶಣ್ಣ ಅದನ್ನು ನೋಡಿ ಮುಖ ಸಿಂಡರಿಸಿದರು. "ಏನ್ ಮೇಡಂ ಇದು, ಸೈಕಲ್ಲಿಗೆ ಮೋಟರ್ ಬೈಕಿನ ಬ್ರೇಕ್ ಮಡಗವ್ರೆ?"

"ಇದೇ ಈಗ ಬರೋದು, ಒಳ್ಳೇದಂತೆ."

"ಯಾರಿಗೆ ಒಳ್ಳೇದು? ಮಾರೋನಿಗಾ?" ಅನ್ನುತ್ತಲೇ ಚಪ್ಪಟೆ ಸ್ಕ್ರೂಡ್ರೈವರನ್ನು ಆ ಸಂದಿಗೆ ತೂರಿಸಿ, ಮಗುವಿನ ಕಚ್ಚಿದ ಹಲ್ಲು ಬಿಡಿಸುವವರಷ್ಟು ಹುಷಾರಾಗಿ ಪ್ಯಾಡು ಸರಿಸಿದರು. ಚಕ್ರ ಕೂತಿತು. "ನಮ್ಮ ರಬ್ಬರ್ ಬ್ರೇಕ್ ಹಿಂಗೆ ಹಟ ಮಾಡಿದ್ದು ನಾನ್ ನೋಡಿಲ್ಲ" ಎಂದರು.

ಅಲ್ಲಿಂದ ನಮ್ಮ ಜಗಳ ಶುರುವಾಯಿತು, ಸ್ನೇಹವೂ. ಹರೆಯದಲ್ಲಿ ಅವರು ರೇಸಿನಲ್ಲಿ ಓಡಿಸುತ್ತಿದ್ದ ಕೆಂಪು ಉಕ್ಕಿನ ಸೈಕಲ್ ಅಂಗಡಿಯ ಗೋಡೆಗೆ ನೇತಾಡುತ್ತಿತ್ತು. ನನ್ನನ್ನು ಕಂಡು ಅದನ್ನು ಇಳಿಸಿ, ಒರೆಸಿ, ಹೊಸ ಬ್ರೇಕ್ ರಬ್ಬರು ಹಾಕಿದರು. ಭಾನುವಾರ ಬೆಳಿಗ್ಗೆ ಇಬ್ಬರೂ ಸಿಂಗಟಗೆರೆಯ ಕಡೆ ಹೋಗುವುದು ರೂಢಿಯಾಯಿತು. ಮೊದಮೊದಲು ತೆಂಗಿನ ತೋಟದವರು ಕೆಲಸ ನಿಲ್ಲಿಸಿ ನಮ್ಮನ್ನು ನೋಡುತ್ತಿದ್ದರು. ಆರು ತಿಂಗಳಲ್ಲಿ ಅವರಿಗೆ ನಾವು ಹಳಬರಾದೆವು. ಮಲ್ಲೇಶಣ್ಣನ ಬಾಯಲ್ಲಿ 'ಮೇಡಂ' ಹೋಗಿ 'ಕಣಮ್ಮ' ಬಂತು.

ಅವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. "ಟೈರ್ ರೋಡನ್ನ ಎಷ್ಟು ಹಿಡಿತದೋ ಅಷ್ಟೇ ಬ್ರೇಕು ಕಣಮ್ಮ. ಬೆರಳಗಲದ ಟೈರಿಗೆ ಆನೆ ನಿಲ್ಸೋ ಬ್ರೇಕ್ ಯಾಕೆ? ರಬ್ಬರ್ ಸವೆದ್ರೆ ಕಣ್ಣಿಗೆ ಕಾಣ್ತದೆ, ದೇವನೂರಂಥ ಹಳ್ಳೀಲಿ ನಿಂತ್ರೂ ಒಂದು ಸಿಗ್ತದೆ. ನಿಂದು ಎಣ್ಣೆ ಸೋರಿದ್ರೆ ಯಾರ್ ತಾವ ಹೋಗ್ತೀಯ?" ನಾನು ಮಳೆಯ ಮಾತು ತೆಗೆಯುತ್ತಿದ್ದೆ. ಚಕ್ರದ ರಿಮ್ಮು ಒದ್ದೆಯಾದರೆ ಅದನ್ನು ಹಿಡಿಯುವ ರಬ್ಬರು ಜಾರುತ್ತದೆ, ಇಳಿಜಾರಿನಲ್ಲಿ ಕೈ ಸೋಲುತ್ತದೆ, ನನ್ನದಕ್ಕೆ ಒಂದು ಬೆರಳು ಸಾಕು ಅನ್ನುತ್ತಿದ್ದೆ. "ಒಂದು ಬೆರಳಲ್ಲಿ ಬ್ರೇಕ್ ಹಿಡಿದು ಉಳಿದ ನಾಲ್ಕರಲ್ಲಿ ಏನ್ ಮಾಡ್ತೀಯ, ಕಡ್ಲೆಕಾಯ್ ಸುಲೀತೀಯಾ?" ಎಂದು ಅವರು ನಗುತ್ತಿದ್ದರು. ಗೆಲ್ಲಬೇಕೆಂಬ ಹಟ ಅವರಿಗಿಂತ ನನಗೇ ಹೆಚ್ಚಿತ್ತು.

ಒಂದು ಜೂನ್ ತಿಂಗಳಲ್ಲಿ ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ತರೀಕೆರೆ ದಾಟಿ ಲಿಂಗದಹಳ್ಳಿಗೆ ಹೋಗಿ, ಅಲ್ಲಿಂದ ಕೆಮ್ಮಣ್ಣುಗುಂಡಿಯ ಘಾಟಿ ಹತ್ತಿದೆವು. ಹತ್ತುವಾಗ ಅವರೇ ಮುಂದು. ಇಳಿಯುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿಯಿತು. ನಾನು ತಿರುವಿನಿಂದ ತಿರುವಿಗೆ ಸಲೀಸಾಗಿ ಇಳಿದು ಕೆಳಗಿನ ಟೀ ಅಂಗಡಿಯಲ್ಲಿ ಕೂತೆ. ಒಂದು ಟೀ ಮುಗಿಯಿತು, ಎರಡಾಯಿತು. ಮುಕ್ಕಾಲು ಗಂಟೆಯ ಮೇಲೆ ಮಲ್ಲೇಶಣ್ಣ ಸೈಕಲ್ ತಳ್ಳಿಕೊಂಡು ನಡೆದು ಬಂದರು. ಮುಖ ಬಿಳಿಚಿಕೊಂಡಿತ್ತು.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ಒಪ್ಕೊಳ್ಳಿ ಮಲ್ಲೇಶಣ್ಣ, ಈಗಾದ್ರೂ ಒಪ್ಕೊಳ್ಳಿ!"

"ಬ್ರೇಕ್ ಸರಿಯಾಗೇ ಐತೆ ಕಣಮ್ಮ" ಎಂದರು ಮೆಲ್ಲಗೆ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಚಳಿಗೆ ಅಂದುಕೊಂಡೆ.

ಕಡೂರಿಗೆ ಬಂದ ಮೇಲೂ ನಾನು ಸುಮ್ಮನಿರಲಿಲ್ಲ. ಮಲ್ಲೇಶಣ್ಣನ ರಬ್ಬರು ಘಾಟಿಯಲ್ಲಿ ಕೈಕೊಟ್ಟಿತು ಎಂದು ಬೀದಿಯವರಿಗೆಲ್ಲ ಹೇಳಿದೆ. ಬೇಕರಿಯವನು, ಜೆರಾಕ್ಸ್ ಅಂಗಡಿಯವನು, ಎಲ್ಲರೂ "ಏನಣ್ಣಾ, ನಡ್ಕಂಡ್ ಬಂದ್ಯಂತೆ?" ಎಂದು ವಾರಗಟ್ಟಲೆ ರೇಗಿಸಿದರು. ಅವರು ನಕ್ಕುಬಿಡುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಅಂಗಡಿಯಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಚಕ್ರದ ಕಡ್ಡಿ ಬಿಗಿಮಾಡುವ ಪುಟ್ಟ ಕೀ ಅವರ ಬೆರಳಿಂದ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಒಂದು ಚಕ್ರಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ನರದ ಸೆಳೆತವಿರಬೇಕೆಂದು ನಾನೇ ವಿಟಮಿನ್ ಮಾತ್ರೆ ಕೊಟ್ಟೆ. ಅವರು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದರು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ವಾಪಸ್ ಬಂದ ಮಧ್ಯಾಹ್ನ ನೇರ ನನ್ನ ಕೌಂಟರಿಗೆ ಬಂದು ಚೀಟಿ ಮುಂದಿಟ್ಟರು.

ಓದಿದೆ. ಆ ಮಾತ್ರೆಯನ್ನು ಕಾಲೇಜಿನ ಪುಸ್ತಕದಲ್ಲಿ ಓದಿದ್ದೆ, ಮಾರಿರಲಿಲ್ಲ. ಕೈಕಾಲು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆಗೆ ಕೊಡುವುದು ಅದು. ಕೈಯಿಂದ ಶುರುವಾಗಿ ನಾಲಿಗೆಗೆ ಬರುತ್ತದೆ, ಕಡೆಗೆ ಉಸಿರಿಗೆ.

"ಸಿಗ್ತದಾ?" ಎಂದರು.

"ತರಿಸ್ಕೊಡ್ತೀನಿ."

"ಇದ್ರಲ್ಲಿ ವಾಸಿಯಾಗ್ತದಾ? ಡಾಕ್ಟ್ರು ಇಂಗ್ಲಿಷಲ್ಲಿ ಏನೇನೋ ಅಂದ್ರು. ನೀನು ಸುಳ್ಳು ಹೇಳ್ಬ್ಯಾಡ."

"ಸ್ವಲ್ಪ ನಿಧಾನ ಮಾಡ್ತದೆ ಮಲ್ಲೇಶಣ್ಣ."

"ನಿಲ್ಸಲ್ವಾ?"

"ಇಲ್ಲ."

ಅವರು ಕೌಂಟರಿನ ಗಾಜಿನ ಮೇಲೆ ಎರಡೂ ಕೈ ಇಟ್ಟು ನೋಡಿಕೊಂಡರು. ಹೆಬ್ಬೆರಳ ಬುಡದ ಮಾಂಸ ಇಂಗಿ ಗುಳಿ ಬಿದ್ದಿತ್ತು. ದಿನವೂ ನೋಡುತ್ತಿದ್ದ ಕೈ, ನಾನು ಗಮನಿಸಿರಲಿಲ್ಲ.

"ಅವತ್ತು ಘಾಟೀಲಿ ಬ್ರೇಕ್ ಹಿಡೀತಿತ್ತು ಕಣಮ್ಮ. ಕೈ ಹಿಡೀತಿರ್ಲಿಲ್ಲ. ಮೂರು ತಿರುವು ಇಳಿಯೋದ್ರಲ್ಲಿ ಬೆರಳು ಮಡಚಕ್ಕೇ ಆಗ್ಲಿಲ್ಲ. ಚಕ್ರ ಕಲ್ಲಿಗೆ ತಾಗಿಸಿ ನಿಲ್ಸಿ, ಇಳಿದು ತಳ್ಕಂಡ್ ಬಂದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿ ನಗ್ತಾ ಇದ್ದೆ."

ಗಿರಾಕಿಗಳು ಬಂದರು. ಯಾರಿಗೆ ಏನು ಕೊಟ್ಟೆನೋ ನೆನಪಿಲ್ಲ.

ಹದಿನೈದು ದಿನ ಬಿಟ್ಟು ಅವರೇ ಬಂದು, ಬೇರೆಲ್ಲೋ ನೋಡುತ್ತ ಕೇಳಿದರು: "ನಿನ್ ಸೈಕಲ್ ಒಂದಷ್ಟು ದಿನ ಕೊಡ್ತೀಯಾ? ಒಂದು ಬೆರಳು ಸಾಕು ಅಂತಿದ್ಯಲ್ಲ. ಬಲಗೈದು ಎರಡು ಬೆರಳು ಇನ್ನೂ ಆಡ್ತವೆ." ಅವರ ಕೆಂಪು ಸೈಕಲ್ಲಿಗೆ ಡಿಸ್ಕ್ ಹಾಕಲು ಜಾಗವೇ ಇರಲಿಲ್ಲ. ನನ್ನ ಸೈಕಲ್ಲಿನ ಸೀಟು ಎತ್ತರಿಸಿ, ಬಲಗಡೆಯ ಲಿವರನ್ನು ಅವರ ಬೆರಳಿಗೆ ನಿಲುಕುವಷ್ಟು ಹತ್ತಿರ ತಂದೆ. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಯಾವ ಸ್ಕ್ರೂ ಎಷ್ಟು ತಿರುಗಿಸಬೇಕೆಂದು ಹೇಳಿದರು. ನಾನು ಬಾಡಿಗೆಯ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದೆ.

ಆ ಚಳಿಗಾಲ ಪೂರ್ತಿ ಹಾಗೆ ಓಡಿಸಿದರು. ಒಂದು ಭಾನುವಾರ ಬೀರೂರಿನ ಮೇಲೆ ಅಜ್ಜಂಪುರದವರೆಗೂ ಹೋದೆವು. ಶಿವನಿ ಸ್ಟೇಷನ್ನು ನೋಡಿಕೊಂಡೇ ಬರೋಣ ಎಂದರು, ನಾನೇ ಬೇಡವೆಂದೆ. ಅಜ್ಜಂಪುರದ ಹೋಟೆಲಿನಲ್ಲಿ ಇಡ್ಲಿಯನ್ನು ಮುರಿದು ಅವರ ತಟ್ಟೆಗೆ ಹಾಕಿಕೊಟ್ಟಾಗ ಅವರು ನನ್ನ ಮುಖ ನೋಡದೆ ತಿಂದರು.

"ಹೆಂಗಿದೆ ಬ್ರೇಕು?" ಎಂದೆ. ಕೇಳಬಾರದಿತ್ತು.

"ಒಳ್ಳೇದು ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಆದ್ರೂ ರೋಡ್ ಬೈಕಿಗೆ ಸೇರಿದ್ದಲ್ಲ ಇದು. ನನ್ನಂಥ ಕೈಯವರಿಗೆ ಸೇರಿದ್ದು." ಮೊಣಕೈಯಿಂದ ತಟ್ಟೆ ಸರಿಸಿ, "ನೀನು ಗೆದ್ದೆ ಅಂತ್ಲೇ ಇಟ್ಕೊ" ಎಂದರು.

ಫೆಬ್ರವರಿಯಲ್ಲಿ ಬೀರೂರಿನ ರಸ್ತೆಯಲ್ಲಿ ಬಿದ್ದರು. ಬ್ರೇಕು ಹಿಡಿದು ಸೈಕಲ್ ನಿಂತಿತ್ತು, ಹ್ಯಾಂಡಲ್ ಮೇಲೆ ಊರಿದ್ದ ತೋಳುಗಳು ಕುಸಿದಿದ್ದವು. ಎತ್ತಲು ಹೋದರೆ, "ಒಂದ್ ನಿಮಿಷ ಇಲ್ಲೇ ಕೂತಿರ್ತೀನಿ" ಎಂದು ರಸ್ತೆಯ ಅಂಚಿನಲ್ಲೇ ಕೂತರು. ಅದೇ ಕೊನೆಯ ಸವಾರಿ. ಬೇಸಿಗೆಯಲ್ಲಿ ಅಂಗಡಿ ಮುಚ್ಚಿತು. ಅವರ ಹೆಂಡತಿ ಗಿರಿಜಮ್ಮ ಅನ್ನ ಕಲಸಿ ತಿನ್ನಿಸುತ್ತಿದ್ದರು. ಆಮೇಲೆ ಅನ್ನವೂ ಇಳಿಯದೆ ಗಂಜಿಯಾಯಿತು. ಮಾತು ತೊದಲಿ, ಬರೀ ದನಿಯಾಗಿ, ನಿಂತೇಹೋಯಿತು. ಬುದ್ಧಿ ಮಾತ್ರ ಚೂರೂ ಮಂಕಾಗಿರಲಿಲ್ಲ.

ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ. ಒಂದು ದಿನ ಮಂಚದ ಪಕ್ಕ ಕೂತು ಏನೇನೋ ಹೇಳುತ್ತಿದ್ದಾಗ ಅವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈಯಿಲ್ಲ. ಗಿರಿಜಮ್ಮ ಒಳಗಿದ್ದರು. ನಾನು ಸೆರಗಿನಲ್ಲಿ ಒರೆಸಬಹುದಿತ್ತು. ಒರೆಸಲಿಲ್ಲ. ಎದ್ದು, "ಬರ್ತೀನಿ ಮಲ್ಲೇಶಣ್ಣ" ಎಂದು ಹೊರಟುಬಂದೆ. ಮುಂದಿನ ವಾರ ಅಂಗಡಿಯಲ್ಲಿ ಕೆಲಸ ಅಂದುಕೊಂಡೆ. ಅದರ ಮುಂದಿನ ವಾರವೂ ಏನೋ ಒಂದು ಇತ್ತು. ಮಾತ್ರೆಯನ್ನು ಮಾತ್ರ ತಿಂಗಳು ತಿಂಗಳು ಯಾರ ಕೈಯಲ್ಲಾದರೂ ಕಳಿಸುತ್ತಿದ್ದೆ. ಹಾಗೆ ನಾಲ್ಕು ತಿಂಗಳು. ಆ ಮನೆಗೆ ಮತ್ತೆ ಹೋದದ್ದು ಅವರನ್ನು ಜಗಲಿಯ ಮೇಲೆ ಕೂರಿಸಿ ವಿಭೂತಿ ಬಳಿದು ಹಾರ ಹಾಕಿದ್ದ ದಿನ.

ತಿಂಗಳಾದ ಮೇಲೆ ಗಿರಿಜಮ್ಮ ಅಂಗಡಿಗೆ ಬಂದರು. ಚೀಲದಿಂದ ಮೂರು ಪಟ್ಟಿ ಮಾತ್ರೆ ತೆಗೆದು ಕೌಂಟರಿನ ಮೇಲಿಟ್ಟರು. ಒಂದನ್ನೂ ಒಡೆದಿರಲಿಲ್ಲ.

"ಕಡೇಲಿ ನುಂಗಕ್ಕೆ ಆಯ್ತಿರ್ಲಿಲ್ಲಮ್ಮ. ನೀವು ಕಳಿಸ್ತಿದ್ರಲ್ಲ, ಬ್ಯಾಡ ಅನ್ನಕ್ಕೆ ಮನ್ಸು ಬರ್ಲಿಲ್ಲ. ಮಾತ್ರೆ ಬಂದ ದಿನ ಅವರು ಬಾಗ್ಲು ಕಡೇಗೇ ನೋಡೋರು" ಎಂದರು. ಆಮೇಲೆ ಪಟ್ಟಿಗಳನ್ನು ನನ್ನ ಕಡೆ ಸರಿಸಿ, "ಬೇರೆ ಯಾರಿಗಾದ್ರೂ ಬೇಕಾಯ್ತದೆ, ಮಡೀಕಳಿ" ಎಂದರು.

ತೆಗೆದುಕೊಂಡು ಒಳಗಿಟ್ಟೆ. ನಮ್ಮೂರಿನಲ್ಲಿ ಆ ಮಾತ್ರೆ ಕೇಳಿಕೊಂಡು ನನ್ನ ಅಂಗಡಿಗೆ ಬೇರೆ ಯಾರೂ ಬಂದಿಲ್ಲ.