ಹಣೆಯ ಮೇಲಿನ ಮೂರು ಗೆರೆ

ಅರವತ್ತರ ದಶಕದ ಆರಂಭ. ಹರಿಹರದ ಮನೆಯಲ್ಲಿ ಕುಳಿತು ದಾವಣಗೆರೆಯ ಒಂದು ವಾರಪತ್ರಿಕೆಗೆ ಕಪ್ಪು ಶಾಯಿಯಲ್ಲಿ ಚಿತ್ರಕಥೆ ಬರೆಯುತ್ತಿದ್ದೆ. ಕುಳಿತು ಎಂದರೆ ಸುಳ್ಳಾದೀತು. ಎರಡು ಗೆರೆ ಎಳೆದು ಏಳುತ್ತಿದ್ದೆ, ಹಿತ್ತಿಲಿಗೆ ಹೋಗಿ ಬರುತ್ತಿದ್ದೆ, ಹಾಳೆ ಹರಿಯುತ್ತಿದ್ದೆ. ಕಥೆಯ ನಾಯಕ ಹತ್ತಿ ವ್ಯಾಪಾರಿ. ಅಪ್ಪನನ್ನೇ ನೋಡಿ ಬರೆದಿದ್ದೆ: ರುಮಾಲು, ಮೀಸೆ, ಹಣೆಗೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ.

ಅಜ್ಜಿ ಬಗ್ಗಿ ನೋಡಿ, “ಯಾಕ ಇವ ಹಣೆ ಗಂಟು ಹಾಕ್ಕೊಂಡಾನೆ?” ಎಂದಳು.

“ಗಂಟಲ್ಲಜ್ಜಿ, ವಿಭೂತಿ.”

“ವಿಭೂತಿ ಕರ್ರಗೆ ಇರ್ತೈತೇನು?”

ಮೈಯೆಲ್ಲ ಉರಿಯಿತು. ಬಿಳಿ ಹಾಳೆಯ ಮೇಲೆ ಬಿಳಿ ಬೂದಿಯನ್ನು ತೋರಿಸುವುದಾದರೂ ಹೇಗೆ? ಗೆರೆ ಸಣ್ಣ ಮಾಡಿದೆ, ಬರೀ ಚುಕ್ಕೆ ಇಟ್ಟೆ. ನಾಯಕ ಇನ್ನಷ್ಟು ಸಿಡುಕನಾದ. ನಾನೂ ಆದೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಬಂದು ಬಾಗಿಲಲ್ಲಿ ನಿಂತರು. ಅವರ ಬೆನ್ನ ಹಿಂದೆ ಬೀದಿಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನೆರಳಲ್ಲಿದ್ದ ಮುಖ ಪೂರ್ತಿ ಕಪ್ಪು. ಮೂಗಿಲ್ಲ, ಮೀಸೆಯಿಲ್ಲ, ವಿಭೂತಿಯೊಂದೇ ಬೆಳ್ಳಗೆ ಕಾಣುತ್ತಿತ್ತು.

ಒಳಗೆ ಓಡಿದೆ. ಹೊಸ ಹಾಳೆಯಲ್ಲಿ ಮತ್ತೆ ಅದೇ ಮುಖ ಬರೆದೆ. ಕುಂಚವನ್ನು ಶಾಯಿಗೆ ಅದ್ದಿ, ಹಣೆಯ ಮೂರು ಪಟ್ಟೆಗಳನ್ನಷ್ಟೇ ಬಿಟ್ಟು, ಮುಖದ ತುಂಬ ಕಪ್ಪು ಬಳಿದೆ. ಕಷ್ಟಪಟ್ಟು ಬರೆದ ಕಣ್ಣು, ಮೀಸೆ, ತುಟಿ ಎಲ್ಲ ಮುಳುಗಿಹೋದವು. ಹಾಳು ಮಾಡಿಕೊಂಡೆ ಎನಿಸಿ ಹರಿಯಲು ಹೊರಟಾಗ ಅಜ್ಜಿ ಹಾಳೆಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು.

“ಹ್ಞಾಂ, ಈಗ ನನ್ನ ಮಗ ಇದ್ದಂಗೈತೆ. ಹೆಂಗೆ ನಗ್ತಾನೆ ನೋಡು!”

ಆ ಮುಖದಲ್ಲಿ ಬಾಯಿಯೇ ಇರಲಿಲ್ಲ.